ಲಕ್ಷ ವರ್ಷದ ಅತ್ತೆಯೂ ಅಪ್ಪನ ಕುರ್ಚಿಯೂ

ನನ್ನ ಅಪ್ಪನ ತಂಗಿಯನ್ನು ನಮ್ಮ ಬೀದಿಯ ಮಕ್ಕಳೆಲ್ಲ ಕರೆಯುವುದು ಲಕ್ಷ ವರ್ಷದ ಅತ್ತೆ ಎಂದೇ. ಆ ಹೆಸರು ಬಂದದ್ದು ವಯಸ್ಸಿನಿಂದಲ್ಲ, ಬಾಯಿಯಿಂದ. ಬಸ್ಸು ತಡವಾಯಿತೆಂದು ಯಾರಾದರೂ ಗೊಣಗಿದರೆ, "ಎರಡು ಕಾಲ ಮೇಲೆ ನಿಂತ್ಕೊಳ್ಳೋದು ಕಲಿಯೋಕೆ ನಮಗೆ ಎಷ್ಟೋ ಲಕ್ಷ ವರ್ಷ ಹಿಡೀತು, ಇನ್ನೊಂದು ಹತ್ತು ನಿಮಿಷ ನಿಂತ್ಕೊಂಡ್ರೆ ಏನಾಗುತ್ತೆ?" ಎನ್ನುತ್ತಾಳೆ. ಅಮ್ಮ ಸೊಂಟ ನೋವೆಂದು ಮುಲುಗಿದರೆ, "ನಾಲ್ಕು ಕಾಲಿನವರಿಗೆ ಅಂತ ಆಗಿದ್ದ ಬೆನ್ನು ಅತ್ತಿಗೆ ಇದು. ದೂರು ಕೊಡೋದಿದ್ರೆ ಮೊದಲು ಎದ್ದು ನಿಂತವಳಿಗೆ ಕೊಡಿ" ಎನ್ನುತ್ತಾಳೆ. "ಭಾಷಣ ಸಾಕು, ಎಣ್ಣೆ ಹಚ್ಚು" ಎಂದು ಅಮ್ಮ ಬೆನ್ನು ತಿರುಗಿಸುತ್ತಾಳೆ. ಅತ್ತೆ ಹಚ್ಚುತ್ತಾಳೆ. ಅವಳ ಹೆಬ್ಬೆರಳಿಗೆ ಒಂದೊಂದು ಮೂಳೆಯ ಜಾಗವೂ ಗೊತ್ತು, ನೋವು ಹೋಗಿಯೇಬಿಡುತ್ತದೆ.

ಮೂಳೆಯ ಜಾಗ ಗೊತ್ತಿರುವುದು ಅವಳ ಕಸುಬಿನಿಂದ. ಅತ್ತೆ ಊರಿನ ವಸ್ತುಸಂಗ್ರಹಾಲಯದಲ್ಲಿ ಆದಿಮಾನವರನ್ನು ಮಾಡುತ್ತಾಳೆ. ತಲೆಬುರುಡೆಯ ನಕಲಿನ ಮೇಲೆ ಜೇಡಿಮಣ್ಣಿನಲ್ಲಿ ಸ್ನಾಯು ಕೂರಿಸಿ, ಅದಕ್ಕೆ ಚರ್ಮ ಕೂರಿಸಿ, ಅಚ್ಚು ತೆಗೆದು, ರಬ್ಬರು ಸುರಿದು, ಗಾಜಿನ ಕಣ್ಣಿಟ್ಟು, ಕೊನೆಗೆ ಕೂದಲನ್ನು ಒಂದೊಂದೇ ಎಳೆಯಾಗಿ ಸೂಜಿಯಿಂದ ಚುಚ್ಚಿ ನಿಲ್ಲಿಸುವ ಕೆಲಸ. ಬುರುಡೆಯಿಂದ ಮುಖದ ಆಕಾರ ಸಿಗುತ್ತದೆ, ಆದರೆ ಸುಕ್ಕು, ನಗು, ಸಿಡುಕು ಸಿಗುವುದಿಲ್ಲ. ಅದಕ್ಕೆ ಜೀವಂತ ಮುಖವೇ ಬೇಕು. ಹೊರಗಿನಿಂದ ಮಾದರಿಗಳನ್ನು ಕರೆಸಲು ಸಂಗ್ರಹಾಲಯಕ್ಕೆ ಗತಿಯಿಲ್ಲ. ಹಾಗಾಗಿ ಅತ್ತೆ ಮನೆಯವರ ಮುಖಗಳನ್ನೇ ಅಚ್ಚು ತೆಗೆದು, ಹುಬ್ಬಿನ ಮೂಳೆ ದಪ್ಪ ಮಾಡಿ, ಗದ್ದ ತೆಗೆದು ಬಳಸಿಕೊಂಡಿದ್ದಾಳೆ. ಗಾಜಿನಾಚೆ ಗೆಡ್ಡೆ ಅಗೆಯುತ್ತಿರುವ ಸಿಡುಕು ಹೆಂಗಸು ನನ್ನ ಅಮ್ಮ. ಮಗುವಿನ ತಲೆಯಲ್ಲಿ ಹೇನು ಹುಡುಕುವವಳು ನಾನು. ನನಗೆ ಗಂಡು ನೋಡುವ ಕಾಲದಲ್ಲಿ ಅಮ್ಮ ಆ ಕೋಣೆಯ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ.

ನಾನು ದರ್ಜಿ. ಆದಿಮಾನವರಿಗೆ ಬಟ್ಟೆ ಹೊಲಿಯುವ ದರ್ಜಿ ಈ ಊರಿನಲ್ಲಿ ನಾನೊಬ್ಬಳೇ. ಆ ಕಾಲದವರು ಬಟ್ಟೆಯನ್ನೇ ತೊಡುತ್ತಿರಲಿಲ್ಲವೇನೋ ಎಂದು ಅತ್ತೆ ಎಷ್ಟು ಹೇಳಿದರೂ ಹಳೆಯ ಸರ್ಕಾರದ ಕಾಲದ ಸಮಿತಿಯವರು ಮಾನ ಮುಚ್ಚಲೇಬೇಕೆಂದು ಪಟ್ಟು ಹಿಡಿದಿದ್ದರಿಂದ ನನಗೊಂದು ಕೆಲಸ ಹುಟ್ಟಿತು. ಒಂದು ಅಂಗೈ ಅಗಲ ಚರ್ಮಕ್ಕಾಗಿ ಮೂರು ಸಭೆ ನಡೆದವು.

ನಮ್ಮದು ಮೂರು ಅಂತಸ್ತಿನ ಮನೆ. ಕೆಳಗೆ ನಾವು, ಮಧ್ಯೆ ಚಿಕ್ಕಪ್ಪನ ಸಂಸಾರ, ಮೇಲೆ ಅತ್ತೆ. ಅಪ್ಪ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಅಚ್ಚುಕಟ್ಟು ಮನುಷ್ಯ, ಕರ್ಚೀಫಿಗೂ ಇಸ್ತ್ರಿ. ಬಾಯಲ್ಲಿರುವುದು ಎರಡೂ ಸಾಲು ಕಟ್ಟಿಸಿದ ಹಲ್ಲು ಎಂಬುದು ಮನೆಯವರನ್ನು ಬಿಟ್ಟು ಹೊರಗೆ ಒಬ್ಬರಿಗೂ ಗೊತ್ತಾಗಬಾರದು, ಅಷ್ಟು ಠೀವಿ. ಚಿಕ್ಕಪ್ಪ ಬಸ್ ಡ್ರೈವರ್. ದೊಡ್ಡ ದನಿ, ದೊಡ್ಡ ನಗು, ಎಡಗೈಯ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಅಪ್ಪ ಸಿಟ್ಟಿನಿಂದ ಬಾಗಿಲು ಬಡಿದಾಗ ಸಿಕ್ಕಿಕೊಂಡ ಬೆರಳು ಅದು. "ಈ ಬೆರಳು ನೋಡಿದ್ರೆ ಸಾಕು, ಅಣ್ಣ ಯಾವ ಪಾರ್ಟಿ ಅಂತ ಗೊತ್ತಾಗುತ್ತೆ" ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ. ಅಪ್ಪ ಹಳೆಯ ಸರ್ಕಾರದ ಕಡೆ, ಚಿಕ್ಕಪ್ಪ ಅದನ್ನು ಇಳಿಸಬೇಕೆನ್ನುವವರ ಕಡೆ. ಆಗೆಲ್ಲ ಅದು ಮೆಟ್ಟಿಲ ಮೇಲಿನ ವಾದ ಅಷ್ಟೇ. ಸಂಜೆ ಚಹಾ ಕುಡಿಯುತ್ತ ಶುರುವಾದರೆ ಲೋಟ ಖಾಲಿಯಾಗುವ ಹೊತ್ತಿಗೆ ಮುಗಿಯುತ್ತಿತ್ತು.

ಆಮೇಲೆ ಸರ್ಕಾರ ಬಿತ್ತು.

ಬಿದ್ದ ದಿನ ಊರೆಲ್ಲ ಬೀದಿಯಲ್ಲಿತ್ತು. ನಾನೂ ಅತ್ತೆಯೂ ಮಹಡಿಯ ಕಟಕಟೆಗೆ ಒರಗಿ ನೋಡುತ್ತಿದ್ದೆವು. ಜನ ಕೂಗುತ್ತಿದ್ದರು, ಕುಣಿಯುತ್ತಿದ್ದರು, ಸಿಕ್ಕಿದ್ದನ್ನು ಹಿಡಿದು ಬಡಿಯುತ್ತಿದ್ದರು. ಅತ್ತೆಗೆ ಏನೋ ಕಾಡು ನೋಡಲು ಬಂದ ಸಂಭ್ರಮ.

"ನೋಡೇ, ಗುಂಪು ಕಟ್ಟೋದು, ಎದೆ ಬಡ್ಕೊಳ್ಳೋದು, ಕಡ್ಡಿ ಬೀಸೋದು, ಎಲ್ಲಾ ಹಳೇ ಚಾಳಿ. ಇದರಲ್ಲಿ ಹೊಸದು ಅಂದ್ರೆ ಮೈಕು ಒಂದೇ."

"ಅತ್ತೆ, ಸರ್ಕಾರ ಹೋಯ್ತು!"

"ಹೋಗ್ಲಿ ಬಿಡೇ. ಕಾಡಿನಲ್ಲೂ ಮುದಿ ಗಂಡು ಹೋಗ್ತಾನೆ, ಹೊಸ ಗಂಡು ಬರ್ತಾನೆ. ನಾಲ್ಕು ದಿನ ಎಲ್ಲರೂ ಅವನ ಬೆನ್ನು ಕೆರೀತಾರೆ. ಆಮೇಲೆ ಹಣ್ಣು ಹುಡುಕೋಕೆ ಹೋಗ್ತಾರೆ."

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಂಜೆ ಅಪ್ಪ ಮನೆಗೆ ಬಂದಾಗ ನಗು ನಿಂತಿತು. ಅಂಗಿಯ ತೋಳು ಹರಿದಿತ್ತು. ನನ್ನ ಜೀವಮಾನದಲ್ಲಿ ಇಸ್ತ್ರಿಯಿಲ್ಲದ ಅಂಗಿಯಲ್ಲಿ ನಾನು ಅವನನ್ನು ನೋಡಿದ್ದು ಅದೇ ಮೊದಲು. ಗುಂಪು ಕಚೇರಿಗೆ ನುಗ್ಗಿ, ಕಿಟಕಿ ಒಡೆದು, ಸಾಮಾನುಗಳನ್ನು ಬೀದಿಗೆಸೆದು ಬೆಂಕಿ ಹಾಕಿತ್ತು. ಅಪ್ಪನ ಕುರ್ಚಿಯೂ ಅದರಲ್ಲಿತ್ತು. ಬೆತ್ತದ ಸೀಟಿನ ಮರದ ಕುರ್ಚಿ. ಕೆಲಸಕ್ಕೆ ಸೇರಿದ ದಿನದಿಂದ ಅದೇ ಕುರ್ಚಿ, ಬೆತ್ತ ಸಡಿಲವಾದಾಗೆಲ್ಲ ತಾನೇ ಬಿಗಿಸಿಕೊಳ್ಳುತ್ತಿದ್ದ. ಆ ಗುಂಪನ್ನು ಕಚೇರಿಯ ಬಾಗಿಲಿಗೆ ತಂದು ಇಳಿಸಿದ್ದು ಚಿಕ್ಕಪ್ಪನ ಬಸ್ಸು.

ಅವತ್ತು ಮೆಟ್ಟಿಲ ಮೇಲೆ ಆದ ಜಗಳಕ್ಕೆ ಚಹಾ ಲೋಟದ ಅಳತೆ ಇರಲಿಲ್ಲ. ಅಪ್ಪ, "ನನ್ನ ಕುರ್ಚಿ ಸುಟ್ಟವನ ಮುಖ ನೋಡಲ್ಲ" ಎಂದ. ಚಿಕ್ಕಪ್ಪ, "ಊರಿಗೆಲ್ಲ ಬೆಳಕು ಬಂದಿದೆ, ನಿನಗೆ ಒಂದು ಮುರುಕು ಕುರ್ಚೀದೇ ಚಿಂತೆ" ಎಂದ. ಮುರುಕು ಎನ್ನಬಾರದಿತ್ತು. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ಸದ್ದೇ ಆಗದಷ್ಟು ಮೆಲ್ಲಗೆ.

ಮಾತು ನಿಂತಿತು. ಒಂದೇ ಮೆಟ್ಟಿಲು, ಒಂದೇ ಹೊರಬಾಗಿಲು, ಎಣ್ಣೆ ಸೀಗೆಕಾಯಿಯಂತೆ ಇಬ್ಬರು ಅಣ್ಣತಮ್ಮಂದಿರು. ಚಿಕ್ಕಪ್ಪನ ಬೂಟಿನ ಸದ್ದು ಕೇಳಿದರೆ ಅಪ್ಪ ಚಪ್ಪಲಿ ಕಳಚಿ ಒಳಗೆ ಬರುವನು. ಅಪ್ಪನ ಕೆಮ್ಮು ಕೇಳಿದರೆ ಚಿಕ್ಕಪ್ಪ ಮಧ್ಯದ ಅಂತಸ್ತಿನಲ್ಲೇ ನಿಂತು ಬೀಡಿ ಹಚ್ಚುವನು. ಚಿಕ್ಕಮ್ಮನೂ ಅಮ್ಮನೂ ಮಾತ್ರ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಯಲ್ಲಿ ಕೂತು ಇಬ್ಬರನ್ನೂ ಮನಸಾರೆ ಬೈದುಕೊಳ್ಳುತ್ತಿದ್ದರು.

ಅತ್ತೆ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಾ ಸರಿಹೋಗುತ್ತೆ ಎಂಬ ಧೈರ್ಯ. ಆದರೆ ಒಂದು ಭಾನುವಾರ ಅಪ್ಪ ಊಟಕ್ಕೆ ಕೂತವನು, ಊರಿನ ಆಚೆ ತುದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ, ತಿಂಗಳ ಕೊನೆಗೆ ಹೋಗೋಣ ಎಂದ. ಅತ್ತೆಯೂ ಅಲ್ಲೇ ಇದ್ದಳು.

"ಅಣ್ಣ, ಒಂದು ಸರ್ಕಾರಕ್ಕೋಸ್ಕರ ಮನೆ ಬಿಡ್ತೀಯಾ? ಹಿಂದೆ ತಿರುಗಿ ನೋಡು, ಎಷ್ಟು ಲಕ್ಷ ವರ್ಷದಿಂದ ನಾವು..."

"ನಿಲ್ಲಿಸು" ಎಂದ ಅಪ್ಪ. "ನಿನ್ನ ಲಕ್ಷ ವರ್ಷದಲ್ಲಿ ನನ್ನ ಕುರ್ಚಿ ಕಾಣಿಸುತ್ತಾ? ಹೇಳು. ಅಷ್ಟು ದೂರದಲ್ಲಿ ನಿಂತು ನೋಡಿದ್ರೆ ನಾನೂ ಕಾಣಿಸಲ್ಲ, ನೀನೂ ಕಾಣಿಸಲ್ಲ. ದೂರ ನಿಂತು ನಗೋದು ಸುಲಭ ಕಣಮ್ಮ."

ಅತ್ತೆ ಎದ್ದು ಮೆಟ್ಟಿಲು ಹತ್ತಿದಳು. ಮಾತನ್ನು ಅವಳು ಅರ್ಧಕ್ಕೇ ಬಿಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಅಪ್ಪನ ಮಾತು ಸರಿಯೆನಿಸಿತು. ಎಲ್ಲಕ್ಕೂ ಲಕ್ಷ ವರ್ಷದ ಲೆಕ್ಕ ಹೇಳುವವರ ಮುಂದೆ ನಮ್ಮ ಹರಿದ ಅಂಗಿಯ ಸುದ್ದಿ ಎತ್ತುವುದಕ್ಕೇ ನಾಚಿಕೆಯಾಗುತ್ತದೆ.

ಮಾರನೆಯ ದಿನ ಕೆಲಸದ ಕೋಣೆಗೆ ಹೋದಾಗ ಅತ್ತೆ ಒಂದು ದವಡೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಅದು ಹಲ್ಲಿಲ್ಲದ ಅಜ್ಜನ ದವಡೆ, ಅಂದರೆ ಅದರ ನಕಲು. ಹದಿನೆಂಟು ಲಕ್ಷ ವರ್ಷದಷ್ಟು ಹಳೆಯ ಒಬ್ಬ ಮುದುಕ. ಸಾಯುವ ಎಷ್ಟೋ ಮೊದಲೇ ಹಲ್ಲೆಲ್ಲ ಉದುರಿ, ಹಲ್ಲಿನ ಗುಳಿಗಳು ಕೂಡ ಮುಚ್ಚಿಕೊಂಡು ಮೂಳೆ ನುಣ್ಣಗಾಗಿದೆ. ಹೊಸ ಕೋಣೆಯಲ್ಲಿ ಇಡಬೇಕಾದದ್ದು ಅವನನ್ನೇ: ಅಜ್ಜ ಕೈ ಚಾಚಿದ್ದಾನೆ, ಇನ್ನೊಬ್ಬ ಕಲ್ಲಿನಿಂದ ಜಜ್ಜಿದ ಮೆದು ತಿನಿಸನ್ನು ಅವನ ಅಂಗೈಗೆ ಹಾಕುತ್ತಿದ್ದಾನೆ. ಹಿಂದಿನ ನಿರ್ದೇಶಕರು ಗುಂಪಿನ ನಾಯಕ ನಡುವೆ ಎದೆಯುಬ್ಬಿಸಿ ನಿಂತಿರಲಿ ಎಂದಿದ್ದರು. ಸರ್ಕಾರ ಬದಲಾದ ಮೇಲೆ ಬಂದ ಹೊಸ ನಿರ್ದೇಶಕರು ನಾಯಕ ಬೇಡ, ಎಲ್ಲರೂ ಮುಷ್ಟಿ ಎತ್ತಿರಲಿ ಎಂದರು. ಅತ್ತೆ ಇಬ್ಬರಿಗೂ ಆಗಲಿ ಸಾರ್ ಎಂದು ಹೇಳಿ ತನ್ನ ಪಾಡಿಗೆ ತಾನು ಅಜ್ಜನ ಮೊಣಕಾಲು ತಿದ್ದುತ್ತಿದ್ದಳು.

"ನಿಮ್ಮಪ್ಪ ಹೇಳಿದ್ದು ಸರಿ ಕಣೇ" ಎಂದಳು. "ದೂರದಿಂದ ನೋಡಿದ್ರೆ ಕುರ್ಚಿ ಕಾಣಲ್ಲ. ಆದ್ರೆ ಇದು ನೋಡು, ಇದು ಕಾಣುತ್ತೆ. ಹಲ್ಲಿಲ್ಲದವನು ಇಷ್ಟು ದಿನ ಬದುಕಿದ್ದ ಅಂದ್ರೆ ಯಾರೋ ನೋಡ್ಕೊಂಡಿರಬೇಕು. ಅವರಿಬ್ಬರೂ ಒಬ್ಬರನ್ನೊಬ್ಬರು ಬೈಕೊಂಡಿರಲ್ವಾ? ಬೈಕೊಂಡೇ ಇರ್ತಾರೆ. ಬೈಗುಳ ಮೂಳೇಲಿ ಉಳಿಯಲ್ಲ." ಆಮೇಲೆ ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿದಳು. "ನಿಮ್ಮಪ್ಪ, ಚಿಕ್ಕಪ್ಪ ಇಬ್ಬರ ಮುಖಾನೂ ಕೈನೂ ಬೇಕು ನನಗೆ. ಒಂದೇ ದಿನ."

ಅಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಸರ್ಕಾರಗಳು ಬರುತ್ತವೆ ಹೋಗುತ್ತವೆ, ಗಾಜಿನ ಪೆಟ್ಟಿಗೆಯಲ್ಲಿ ನೀನು ಶಾಶ್ವತ ಎಂದಳು. ಅಪ್ಪ ಗಂಟಲು ಸರಿಮಾಡಿಕೊಂಡ. ಆದರೂ ಒಂದು ಷರತ್ತು ಹಾಕಿದ: "ನನ್ನ ಪಕ್ಕ ಅವನ ಮುಖ ಇರಕೂಡದು."

"ನಿನ್ನ ಪಕ್ಕ ಇರೋನು ಹದಿನೆಂಟು ಲಕ್ಷ ವರ್ಷದ ಹಿಂದಿನೋನು. ಅವನಿಗೂ ನಮ್ಮ ತಮ್ಮನಿಗೂ ಏನು ಸಂಬಂಧ?" ಎಂದಳು ಅತ್ತೆ, ಕಣ್ಣು ಮಿಟುಕಿಸದೆ. "ಅವನ ಕೈಯ ಅಚ್ಚಿಗೆ ನಮ್ಮ ಸಂಗ್ರಹಾಲಯದ ಕಾವಲುಗಾರನನ್ನ ಕೂರಿಸ್ತೀನಿ."

ಚಿಕ್ಕಪ್ಪನಿಗೂ ಅದನ್ನೇ ಹೇಳಿದಳು, ಅಜ್ಜನ ಕೈ ಕಾವಲುಗಾರನದು ಎಂದು. ಆ ಬಡಪಾಯಿ ಕಾವಲುಗಾರನಿಗೆ ಇಬ್ಬರ ಕೈ ಹಿಡಿಯುವ ಯೋಗ ಬಂದಿರುವುದು ಕೊನೆಯವರೆಗೂ ತಿಳಿಯಲಿಲ್ಲ.

ಮುಖದ ಅಚ್ಚು ತೆಗೆಯುವುದನ್ನು ನೋಡಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಬ್ಬಿಗೂ ಮೀಸೆಗೂ ವ್ಯಾಸಲೀನ್ ಬಳಿದು, ಕಿವಿಗೆ ಹತ್ತಿ ತುರುಕಿ, ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ಪುಡಿಯನ್ನು ನೀರಲ್ಲಿ ಕಲಸಿ ಮುಖದ ತುಂಬ ಮೆತ್ತುತ್ತಾರೆ. ಅದರ ಮೇಲೆ ಮುರಿದ ಕೈಕಾಲಿಗೆ ಸುತ್ತುವಂಥ ಪ್ಲಾಸ್ಟರ್ ಪಟ್ಟಿ. ಮೂಗಿನ ಹೊಳ್ಳೆ ಮಾತ್ರ ತೆರೆದಿರುತ್ತದೆ. ಅದು ಗಟ್ಟಿಯಾಗುವವರೆಗೆ ನೋಡುವಂತಿಲ್ಲ, ಕೇಳುವಂತಿಲ್ಲ, ಮಾತಾಡುವಂತಿಲ್ಲ, ಅಲ್ಲಾಡುವಂತಿಲ್ಲ. ಅಣ್ಣತಮ್ಮಂದಿರನ್ನು ಒಂದು ಕೋಣೆಯಲ್ಲಿ ಇರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ.

ಅಪ್ಪ ಮೊದಲು ಬಂದ. ಬಾಗಿಲು ಭದ್ರವಾಗಿದೆಯೇ ಎಂದು ಎರಡು ಸಲ ನೋಡಿ, ನನ್ನ ಕಡೆ ಬೆನ್ನು ಮಾಡಿ, ಹಲ್ಲಿನ ಸೆಟ್ಟು ತೆಗೆದು ಒಂದು ಬಟ್ಟಲಿಗೆ ಹಾಕಿದ. ಕೆನ್ನೆ ಒಳಕ್ಕೆ ಕುಸಿದು, ಅವನ ಮುಖ ಒಮ್ಮೆಗೇ ಹತ್ತು ವರ್ಷ ಹಳೆಯದಾಯಿತು. ನಾನು ಪಟ್ಟಿ ಕತ್ತರಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅತ್ತೆ ಮಾತ್ರ, "ಆಹಾ, ಎಂಥಾ ದವಡೆ!" ಎಂದು ಚಪ್ಪಾಳೆ ತಟ್ಟಿದಳು. ಅವನನ್ನು ಒರಗು ಬೆಂಚಿನ ಮೇಲೆ ಮಲಗಿಸಿ, "ನಾನು ಹೇಳೋವರೆಗೂ ಅಲ್ಲಾಡಬೇಡ" ಎಂದು ಕಿವಿಗೆ ಹತ್ತಿ ಇಟ್ಟಳು.

ಅಪ್ಪನ ಮುಖ ಬಿಳಿ ಮಡಕೆಯಾದ ಮೇಲೆ ನಾನು ಹಿಂಬಾಗಿಲಿಂದ ಚಿಕ್ಕಪ್ಪನನ್ನು ಕರೆತಂದು, ನಡುವೆ ಕಟ್ಟಿದ್ದ ಪರದೆಯ ಈಚೆ ಕೂರಿಸಿದೆ. ಪರದೆಯಾಚೆ ಯಾರು ಎಂದು ಕೇಳಿದ. "ಕಾವಲುಗಾರ" ಎಂದೆ. "ನಿದ್ದೆ ಹೊಡೀತಿದಾನಾ? ಅದೇ ಅವನ ಕೆಲಸ" ಎಂದು ನಕ್ಕ. ನಗು ನಿಲ್ಲುವ ಮೊದಲೇ ಅತ್ತೆ ಅವನ ಬಾಯಿಗೂ ಮೆತ್ತಿದಳು.

ಆಮೇಲೆ ಪರದೆ ಸರಿಸಿದೆವು.

ಅಜ್ಜನ ಅಂಗೈ ತೆರೆದಿರಬೇಕು. ಅತ್ತೆ ಅಪ್ಪನ ಬಲಗೈಯನ್ನು ಮಧ್ಯದ ಹಲಗೆಯ ಮೇಲೆ ಅಂಗಾತ ಇಟ್ಟಳು. ಚಿಕ್ಕಪ್ಪನ ಎಡಗೈಯಲ್ಲಿ ತಿನಿಸಿನ ಬದಲು ಜೇಡಿಮಣ್ಣಿನ ಪುಟ್ಟ ಉಂಡೆ ಕೊಟ್ಟು, ಬೆರಳುಗಳನ್ನು ಜೋಡಿಸಿ, ಅಪ್ಪನ ಅಂಗೈಗೆ ತಂದು ಮುಟ್ಟಿಸಿದಳು. ನಾನು ಪಟ್ಟಿ ನೆನೆಸುತ್ತಿದ್ದೆ.

ಅಪ್ಪನ ಎದೆ ಏರಿಳಿಯುವುದು ಒಂದು ಗಳಿಗೆ ನಿಂತಿತು. ಅವನ ಹೆಬ್ಬೆರಳು ಮೆಲ್ಲಗೆ ಆ ಕೈಯ ಅಂಚಿಗೆ ಸರಿಯಿತು, ಕಿರುಬೆರಳಿನವರೆಗೆ ಹೋಯಿತು, ಸೊಟ್ಟಾದ ಗೆಣ್ಣಿನ ಮೇಲೆ ನಿಂತಿತು. ಎಳೆದುಕೊಳ್ಳುತ್ತಾನೆ, ಎದ್ದುಬಿಡುತ್ತಾನೆ, ಅಚ್ಚೂ ಹೋಯಿತು ಮನೆಯೂ ಹೋಯಿತು ಎಂದುಕೊಂಡೆ. ಅಪ್ಪ ಕೈ ಮುಚ್ಚಿದ. ತಮ್ಮನ ನಾಲ್ಕೂ ಬೆರಳು ಒಳಗೆ. ಮಣ್ಣಿನ ಉಂಡೆ ಜಾರಿ ನೆಲಕ್ಕೆ ಬಿತ್ತು.

ಅತ್ತೆ ಅವನ ಮಣಿಕಟ್ಟಿನ ಮೇಲೆ ಎರಡು ಸಲ ಬೆರಳು ಬಡಿದಳು. ಅಂಗೈ ಬಿಚ್ಚು ಎನ್ನುವುದಕ್ಕೆ ಅವರಿಬ್ಬರ ನಡುವಿನ ಗುರುತು ಅದು, ಮುಂಚೆಯೇ ಹೇಳಿಕೊಟ್ಟಿದ್ದಳು. ಅಪ್ಪ ಬಿಚ್ಚಲಿಲ್ಲ. ಮತ್ತೆ ಬಡಿದಳು. ಇಲ್ಲ. ಆಚೆ ಕಡೆ ಚಿಕ್ಕಪ್ಪನ ಕಾಲು ಆವರೆಗೆ ಕುಣಿಯುತ್ತಲೇ ಇತ್ತು, ಡ್ರೈವರನ ಚಾಳಿ. ಆ ಕಾಲು ನಿಂತಿತು. ಹೊಳ್ಳೆಯಿಂದ ಒಂದು ಉದ್ದ ಉಸಿರು ಬಂತು, ಆಮೇಲೆ ಅವನ ಬೆರಳುಗಳೂ ಬಿಗಿದುಕೊಂಡವು.

ಅತ್ತೆ ನನ್ನನ್ನು ನೋಡಿದಳು. ಕಣ್ಣು ತುಂಬಿ ಬಂದಿತ್ತು. ಮೂಗೊರೆಸಿಕೊಂಡು, ಆದದ್ದಾಗಲಿ ಎಂಬಂತೆ ತಲೆಯಾಡಿಸಿ, ಆ ಎರಡು ಕೈಗಳ ಮೇಲೇ ಪಟ್ಟಿ ಸುತ್ತತೊಡಗಿದಳು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಒಳಗೆ ಎಷ್ಟು ಬೆಚ್ಚಗಿತ್ತೋ ಅವರಿಗೇ ಗೊತ್ತು.

ಬಿಚ್ಚಿದ ಮೇಲೆ ಇಬ್ಬರೂ ಹುಬ್ಬಿನಲ್ಲಿ ಬಿಳಿ ಪುಡಿ ಅಂಟಿಸಿಕೊಂಡು ಎದುರುಬದುರು ಕೂತರು. ಮೊದಲು ಬಾಯಿ ಬಿಟ್ಟವನು ಚಿಕ್ಕಪ್ಪ, ನೆಲ ನೋಡುತ್ತ.

"ಅಣ್ಣ, ಕುರ್ಚಿಗೆ ನಾನು ಬೆಂಕಿ ಹಾಕ್ಲಿಲ್ಲ. ಆದ್ರೆ ಸ್ಟೇರಿಂಗ್ ಹಿಡ್ಕೊಂಡು ನೋಡ್ತಾ ಕೂತಿದ್ದೆ. ಇಳಿದು ಅದೊಂದು ಬೇಡ ಅಂತ ಹೇಳಬಹುದಿತ್ತು. ಇಳೀಲಿಲ್ಲ. ಅದಕ್ಕೇ ಅವತ್ತು ಮುರುಕು ಅಂದೆ. ಅದು ಮುರುಕಾಗಿರಲಿಲ್ಲ."

ಅಪ್ಪ ಏನೋ ಹೇಳಹೋದ. ಹಲ್ಲಿಲ್ಲದ ಬಾಯಿಂದ ಮಾತಿನ ಬದಲು ಗಾಳಿ ಬಂತು. ಸಿಟ್ಟಿನಿಂದ ಮತ್ತೆ ಪ್ರಯತ್ನಪಟ್ಟ, ಈ ಸಲ ಸಿಳ್ಳೆ. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಬಟ್ಟಲಿನ ಕಡೆ ಕೈ ತೋರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: "ಮೊದ್ಲು ಹಲ್ಲು ಕೊಡೋ. ಆಮೇಲೆ ಬೈತೀನಿ."

ಚಿಕ್ಕಪ್ಪ ಎದ್ದು ಹೋಗಿ, ಹಲ್ಲಿನ ಸೆಟ್ಟನ್ನು ನಲ್ಲಿಯ ಕೆಳಗೆ ತೊಳೆದು, ತನ್ನ ಅಂಗಿಯಲ್ಲೇ ಒರೆಸಿ ಅಣ್ಣನ ಅಂಗೈಗೆ ಇಟ್ಟ. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡು, ಸರಿಯಾಗಿ ಕೂತಿತೇ ಎಂದು ಕಚ್ಚಿ ನೋಡಿ, ಶುರು ಮಾಡಿದ. ಹಳೆಯ ಸರ್ಕಾರ, ಹೊಸ ಸರ್ಕಾರ, ಬಸ್ಸು, ಬೀಡಿ, ಚಿಕ್ಕಂದಿನಲ್ಲಿ ಕದ್ದ ಗಾಳಿಪಟ, ಯಾವುದನ್ನೂ ಬಿಡಲಿಲ್ಲ. ಚಿಕ್ಕಪ್ಪನೂ ಸುಮ್ಮನಿರಲಿಲ್ಲ. ಅತ್ತೆ ಚಹಾ ಸೋಸುತ್ತ ನನ್ನ ಕಿವಿಯಲ್ಲಿ, "ಬೈಯಲಿ ಬಿಡು, ಮೂಳೇಲಿ ಉಳಿಯಲ್ಲ" ಎಂದಳು.

ಬಾಡಿಗೆ ಮನೆಯ ಬೀಗದಕೈಯನ್ನು ಆ ವಾರವೇ ವಾಪಸು ಕೊಟ್ಟು ಬಂದವನು ಚಿಕ್ಕಪ್ಪ. ಅಪ್ಪ ಈಗಲೂ ಹಳೆಯವರ ಕಡೆ, ಚಿಕ್ಕಪ್ಪ ಹೊಸಬರ ಕಡೆ. ಇತ್ತೀಚೆಗೆ ಹೊಸಬರೂ ಅಲ್ಲಾಡುತ್ತಿದ್ದಾರಂತೆ, ಹಾಗಾಗಿ ಮೆಟ್ಟಿಲ ಮೇಲೆ ಚಹಾ ಎರಡೆರಡು ಸಲ ಆಗುತ್ತಿದೆ. ಕಚೇರಿಯಲ್ಲಿ ಅಪ್ಪನಿಗೆ ಕಬ್ಬಿಣದ ಕುರ್ಚಿ ಕೊಟ್ಟಿದ್ದಾರೆ. ಅದರ ಮೇಲೆ ಅವನಿಗೆ ಒಂದು ಚೂರೂ ಪ್ರೀತಿಯಿಲ್ಲ. ಕೆಲವು ನಷ್ಟ ನಷ್ಟವೇ, ಅತ್ತೆಯೂ ಈಗ ಅದಕ್ಕೆ ಲಕ್ಷ ವರ್ಷದ ಸಮಾಧಾನ ಹೇಳಲು ಹೋಗುವುದಿಲ್ಲ.

ಹೊಸ ಕೋಣೆ ತೆರೆದ ದಿನ ನಿರ್ದೇಶಕರು ಗಾಜಿನ ಮುಂದೆ ಬಹಳ ಹೊತ್ತು ನಿಂತರು. ಅಜ್ಜನ ಮುಖ, ಪಕ್ಕದವನ ಮುಖ, ನಡುವೆ ಬಿಗಿಯಾಗಿ ಹಿಡಿದ ಎರಡು ಕೈ, ಅದರಲ್ಲೊಂದು ಸೊಟ್ಟ ಕಿರುಬೆರಳು.

"ಬೋರ್ಡಲ್ಲಿ ಊಟ ಕೊಡ್ತಿರೋದು ಅಂತ ಇದೆ. ಊಟ ಎಲ್ಲಮ್ಮಾ?"

"ಕೊಡ್ತಾರೆ ಸಾರ್" ಎಂದಳು ಅತ್ತೆ. "ಈಗಷ್ಟೇ ರಾಜಿಯಾಗಿದ್ದಾರೆ."

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಅಪ್ಪನ ಪಕ್ಕ ಕೂತಿದ್ದೆ. ಬಸ್ಸು ಓಡಿಸುತ್ತಿದ್ದವನು ಚಿಕ್ಕಪ್ಪ. ಮೆಲ್ಲಗೆ ಕೇಳಿದೆ, "ಅಪ್ಪ, ಅವತ್ತು ಅದು ಕಾವಲುಗಾರನ ಕೈ ಅಲ್ಲ ಅಂತ ಯಾವಾಗ ಗೊತ್ತಾಯ್ತು?"

"ಆ ಬೆರಳು ಸೊಟ್ಟ ಮಾಡಿದ್ದೇ ನಾನಲ್ವಾ? ಮುಟ್ಟಿದ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕೆ ಬಿಡ್ಲಿಲ್ಲ?"

ಅಪ್ಪ ಕಿಟಕಿಯಾಚೆ ನೋಡುತ್ತ, ಇಸ್ತ್ರಿ ಮಾಡಿದ ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡ.

"ನಿಮ್ಮತ್ತೆ ಅಲ್ಲಾಡಬೇಡ ಅಂದಿದ್ಳಲ್ಲ" ಎಂದ.